ಗ್ರಹಣದ ನೀರು

ನಮ್ಮದು ಚಿನ್ನದ ಕೆಲಸದವರ ಮನೆ. ನಾಗಮಂಗಲದಲ್ಲಿ ನನ್ನ ಅಪ್ಪ, ಅವನಪ್ಪ, ಅವನಪ್ಪ ಎಲ್ಲರೂ ಅಗ್ಗಿಷ್ಟಿಕೆಯ ಮುಂದೆ ಕೂತು ಊದುಗೊಳವೆ ಊದಿಯೇ ಬೆನ್ನು ಬಗ್ಗಿಸಿಕೊಂಡವರು. ಆ ಕೆಲಸಕ್ಕೆ ಮೊದಲು ಬೇಕಾದದ್ದು ತಾಳ್ಮೆ. ನನಗೋ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತಿತ್ತು. ಓಲೆಯ ಕೊಂಡಿ ಸರಿಯಾಗಿ ಕೂರಲಿಲ್ಲವೆಂದು ಚಿಮಟವನ್ನು ಗೋಡೆಗೆ ಬೀಸಿ ಒಗೆದ ದಿನ ಅಪ್ಪ ಬೈಯಲಿಲ್ಲ. "ನಿಂಗಿದು ಅಲ್ಲ ಕಣ್ಲಾ. ಓಗು, ಕರೆಂಟ್ ಕೆಲ್ಸ ಕಲ್ತ್ಕೋ. ಅದ್ಕೂ ನಿನ್ನಂಗೇ ಕ್ವಾಪ" ಎಂದ. ಹಾಗೆ ನಾನು ಐಟಿಐ ಸೇರಿ ವೈರಿಂಗ್ ಕಲಿತೆ. ತೊಂಬತ್ತರ ದಶಕದ ಮೊದಲ ವರ್ಷಗಳಲ್ಲಿ ಶ್ರೀರಂಗಪಟ್ಟಣದ ಒಂದು ಸಣ್ಣ ಅಂಗಡಿಯಲ್ಲಿ ಕೆಲಸ ಸಿಕ್ಕಿತು. ಬಿಸಿಲಿನಿಂದ ಉರಿಯುವ ದೀಪಗಳನ್ನು ತರಿಸಿ, ಹಳ್ಳಿಗಳಿಗೆ ಹೋಗಿ ಕೂರಿಸಿಕೊಡುವ ಅಂಗಡಿ ಅದು.

ಊರಿನವರು ಸುಮ್ಮನಿದ್ದಾರೆಯೇ? ಅಕ್ಕಸಾಲಿ ಅಕ್ಕನ ಚಿನ್ನವನ್ನೂ ಬಿಡ ಎಂಬ ಗಾದೆ ನಮ್ಮವರ ಬೆನ್ನು ಬಿಟ್ಟದ್ದೇ ಇಲ್ಲ. ಬಸ್‌ಸ್ಟ್ಯಾಂಡಿನ ಹೋಟೆಲಿನಲ್ಲಿ ನನ್ನ ಪಕ್ಕಕ್ಕೆ ಒರಗಿಸಿಟ್ಟಿದ್ದ ಸೋಲಾರ್ ಪ್ಲೇಟನ್ನು ನೋಡಿದ ಹಿರಿಯರೊಬ್ಬರು, "ಅಕ್ಕನ್ ಚಿನ್ನ ಆಯ್ತು, ಈಗ ಸೂರ್ಯನ್ನೂ ಬುಡಲ್ವೇನ್ಲಾ ಆಚಾರಿ?" ಎಂದು ಎಲ್ಲರಿಗೂ ಕೇಳುವ ಹಾಗೆ ಕೇಳಿದರು. ನಾನು ಕಾಫಿ ಅರ್ಧಕ್ಕೇ ಬಿಟ್ಟು ಎದ್ದು ಬಂದೆ. ಆಮೇಲೆ ಅದೇ ಹಿರಿಯರು ತಮ್ಮ ದನದ ಕೊಟ್ಟಿಗೆಗೆ ಒಂದು ದೀಪ ಹಾಕಿಸಿಕೊಂಡರು, ಆ ಮಾತು ಬೇರೆ.

ಸೋಲಾರು ನಮ್ಮ ತಾಲ್ಲೂಕುಗಳಿಗೆ ಬಂದದ್ದು ದೊಡ್ಡ ಸುದ್ದಿಯಾಗಿಯೇನಲ್ಲ. ಮೊದಲು ಬಂದದ್ದು ಕನ್ನಡಿ ಹಚ್ಚಿದ ಕರೀ ಪೆಟ್ಟಿಗೆ. ಬಿಸಿಲಿಗಿಟ್ಟರೆ ಅದರಲ್ಲಿ ಅನ್ನ ಬೇಯುತ್ತದೆ ಎನ್ನುತ್ತಿದ್ದರು. ಬೇಯುತ್ತಿತ್ತು ಕೂಡ, ಆದರೆ ಮುದ್ದೆ ತೊಳಸಲು ಆಗದ ಒಲೆ ನಮ್ಮ ಕಡೆ ಯಾರಿಗೆ ಬೇಕು? ನಾನು ಕಂಡ ಒಂದು ಕಚೇರಿಯಲ್ಲಿ ಆ ಪೆಟ್ಟಿಗೆಯ ಕನ್ನಡಿ ತಲೆ ಬಾಚಿಕೊಳ್ಳಲು ಬಳಕೆಯಾಗುತ್ತಿತ್ತು. ಆಮೇಲೆ ಕೆಲವು ಊರುಗಳಲ್ಲಿ ಕಂಬದ ಮೇಲೆ ಪ್ಲೇಟಿಟ್ಟ ಬೀದಿದೀಪಗಳು ಬಂದವು. ಕಂಬದ ಬುಡದ ಪೆಟ್ಟಿಗೆಯಲ್ಲಿದ್ದ ಬ್ಯಾಟರಿಗಳು ಒಂದೊಂದಾಗಿ ಮಾಯವಾಗಿ ಯಾರದೋ ಟ್ರಾಕ್ಟರನ್ನು ಸ್ಟಾರ್ಟ್ ಮಾಡತೊಡಗಿದವು. ಶ್ರೀರಂಗಪಟ್ಟಣದ ಹೊಸ ಮನೆಗಳ ತಾರಸಿಯ ಮೇಲೆ ನೀರು ಕಾಯಿಸುವ ತೊಟ್ಟಿಗಳು ಅಲ್ಲೊಂದು ಇಲ್ಲೊಂದು ಎದ್ದವು. ಮೇಲುಕೋಟೆಯ ಅರ್ಚಕರ ಮನೆಯೊಂದಕ್ಕೆ ದೀಪ ಹಾಕಲು ಹೋದಾಗ ಆ ಮನೆಯ ಯಜಮಾನರು ದೇವರ ಕೋಣೆಗೆ ಮಾತ್ರ ವೈರು ಎಳೆಯಗೊಡಲಿಲ್ಲ. "ಇದು ನಮಗಾಯಿತು. ಅವನಿಗೆ ಬತ್ತಿಯದೇ ಇರಲಿ" ಎಂದರು. ನನಗೆ ಅದು ಸರಿ ಎನಿಸಿತು, ವೈರೂ ಉಳಿಯಿತು.

ಬೆಂಗಳೂರಿನಲ್ಲಿ ನಮಗೆ ತರಬೇತಿ ಕೊಟ್ಟವರು ಈ ಪ್ಲೇಟಿನ ಹುಟ್ಟನ್ನು ಹೇಳಿದ್ದರು. ಐವತ್ತರ ದಶಕದಲ್ಲಿ ಅಮೆರಿಕದ ಪ್ರಯೋಗಶಾಲೆಯೊಂದರಲ್ಲಿ ಇದು ರೂಪುಗೊಂಡದ್ದು, ಮೊದಲು ಉಪಗ್ರಹಗಳಿಗೆ ಹಾಕಿದ್ದು, ಆಕಾಶದಲ್ಲಿ ಸುತ್ತುವ ಯಂತ್ರಕ್ಕೆ ಬೇರೆ ಎಣ್ಣೆ ಹಾಕುವವರು ಯಾರೂ ಇಲ್ಲದ್ದರಿಂದ ಸೂರ್ಯನನ್ನೇ ನಂಬಬೇಕಾಗಿ ಬಂದದ್ದು. ಇದನ್ನೆಲ್ಲ ಅಪ್ಪನಿಗೆ ಹೇಳಿದೆ. ಅವನು ಉಪಗ್ರಹದ ಮಾತನ್ನು ಕಿವಿಗೆ ಹಾಕಿಕೊಳ್ಳಲಿಲ್ಲ. ಒಡೆದ ಪ್ಲೇಟಿನ ಒಂದು ತುಂಡನ್ನು ಅಂಗೈಯಲ್ಲಿಟ್ಟುಕೊಂಡು, ಕಣ್ಣಿಗೆ ಭೂತಗನ್ನಡಿ ಹಿಡಿದು, ನೀಲಿಯ ಮೇಲೆ ಕೂದಲೆಳೆಯ ಹಾಗೆ ಹರಿದಿದ್ದ ಗೆರೆಗಳನ್ನು ಬಹಳ ಹೊತ್ತು ನೋಡಿದ. "ಬೆಳ್ಳಿ ಕಣ್ಲಾ ಇದು" ಎಂದ. ನಿಜವಾಗಿಯೂ ಅದು ಬೆಳ್ಳಿಯೇ. ಅಂದಿನಿಂದ ನನ್ನ ಕೆಲಸದ ಬಗ್ಗೆ ಅವನು ಹಗುರವಾಗಿ ಮಾತಾಡಲಿಲ್ಲ.

ನಾನು ಹೇಳಬೇಕೆಂದಿರುವುದು ಒಂದು ಮನೆಯ ಕಥೆ. ಕೆ.ಆರ್. ಪೇಟೆಯಿಂದ ನಾಗಮಂಗಲದ ಕಡೆ ಬರುವಾಗ ಟಾರು ರಸ್ತೆ ಬಿಟ್ಟು, ತೆಂಗಿನ ಸಾಲು ದಾಟಿ, ರಾಗಿ ಹೊಲಗಳ ನಡುವೆ ಒಂದು ಹೆಂಚಿನ ಮನೆ. ಕರೆಂಟಿನ ಲೈನು ಊರಿನತನಕ ಬಂದು ನಿಂತಿತ್ತು. ಹೊಲದ ಮನೆಗೆ ಅಷ್ಟೊಂದು ಕಂಬ ಯಾರು ನೆಡುತ್ತಾರೆ? ಆ ಮನೆಯಲ್ಲಿ ಇದ್ದವರು ಮೂವರು. ವಯಸ್ಸಾದ ತಾಯಿ, ಮಗ, ಸೊಸೆ. ಗಟ್ಟಿ ಒಕ್ಕಲು ಮನೆತನ, ಎಮ್ಮೆಗಳಿದ್ದವು, ಡೇರಿಗೆ ಹಾಲು ಹಾಕುತ್ತಿದ್ದರು. ಊಟಕ್ಕೆ, ಬಟ್ಟೆಗೆ ಕೊರತೆ ಇರಲಿಲ್ಲ. ಇಲ್ಲದ್ದು ಬೆಳಕು ಮಾತ್ರ.

ಮಗ ನಮ್ಮ ಅಂಗಡಿಗೆ ಬಂದು ದೀಪ ಕೇಳಿದಾಗ ಮುಖ ಎತ್ತಿ ಮಾತಾಡಲಿಲ್ಲ. ದೀಪ ಎಷ್ಟು ಹೊತ್ತು ಉರಿಯುತ್ತದೆ, ಮಳೆಗಾಲದಲ್ಲಿ ಉರಿಯುತ್ತದೆಯೇ ಎಂದು ಎಲ್ಲರೂ ಕೇಳುತ್ತಿದ್ದರು. ಇವನು ಕೇಳಿದ್ದು ಬೇರೆ. "ಮೂಲೇಲಿ ಏನಿದ್ರೂ ಕಾಣ್ತದಾ?" ಎಂದು ಕೇಳಿದ. ಪ್ಲೇಟು ಕೂರಿಸಲು ಹೋದ ದಿನ, ಹೆಂಚು ಸರಿಸಿ ಕಬ್ಬಿಣದ ಚೌಕಟ್ಟು ಬಿಗಿಯುವಾಗ ಏಣಿ ಹಿಡಿದುಕೊಂಡು ನಿಂತವನು ಕಾರಣ ಹೇಳಿದ. ಅವರಿಗೆ ಒಬ್ಬ ಮಗನಿದ್ದನಂತೆ. ಇನ್ನೂ ಸರಿಯಾಗಿ ಮಾತು ತಿರುಗದ ವಯಸ್ಸು. ಒಂದು ಸಂಜೆ ಸೊಸೆ ಎಮ್ಮೆಯ ಹಾಲು ಕರೆಯಲು ಕೊಟ್ಟಿಗೆಗೆ ಹೋಗಿದ್ದಳು, ಮಗು ಅಜ್ಜಿಯ ಜೊತೆ ಚಾಪೆಯ ಮೇಲಿತ್ತು. ಬುಡ್ಡಿಯಲ್ಲಿ ಸೀಮೆಎಣ್ಣೆ ಮುಗಿದು ದೀಪ ಆರಿತು. ಅಜ್ಜಿ ಎದ್ದು ಎಣ್ಣೆ ಡಬ್ಬ ತಡಕುವಷ್ಟರಲ್ಲಿ ಮಗು ಕತ್ತಲಲ್ಲಿ ಏನನ್ನೋ ಹಿಡಿದುಕೊಂಡಿತು. ನಮ್ಮ ಕಡೆ ಹೊತ್ತು ಮುಳುಗಿದ ಮೇಲೆ ಹಾವು ಎನ್ನುವುದಿಲ್ಲ, ಹುಳ ಎನ್ನುತ್ತೇವೆ. ಹುಳ ಮುಟ್ಟಿತ್ತು. ಎತ್ತಿಕೊಂಡು ಓಡಿದರು. ಮಗು ಉಳಿಯಲಿಲ್ಲ.

"ಕಾರ್ಯ ಮುಗುಸ್ಕಂಡು ತವ್ರಿಗೆ ಓದೋಳು, ಬೆಳಕಿಲ್ದ ಮನೆಗೆ ನಾ ಕಾಲಿಡಾಕಿಲ್ಲ ಅಂತ ಕೂತವ್ಳೆ. ಅವ್ವನ್ ಮ್ಯಾಲೆ ಒಂದ್ಮಾತೂ ಆಡ್ಲಿಲ್ಲ. ಆಡಿದ್ರಾದ್ರೂ ಚೆಂದಾಗಿತ್ತು" ಎಂದ ಅವನು. ನಾನು ಏಣಿಯ ಮೇಲಿದ್ದೆ. ಬಿಗಿದಿದ್ದ ಬೋಲ್ಟನ್ನೇ ಮತ್ತೆ ಬಿಗಿದೆ.

ದೀಪ ಹಚ್ಚುವ ಸಂಜೆ ಸೊಸೆಯನ್ನು ಪಾಂಡವಪುರದ ಕಡೆಯ ಅವಳ ತವರಿನಿಂದ ಅಣ್ಣ ಕರೆದುಕೊಂಡು ಬಂದ. ಅವಳು ಅಂಗಳದಲ್ಲಿ ನಿಂತಳು. ಅತ್ತೆ ಕಾಲಿಗೆ ನೀರಿನ ಚೊಂಬು ಹಿಡಿದು ಹೊಸಿಲಲ್ಲಿ ನಿಂತರು. ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಲಿಲ್ಲ. ಹೊತ್ತು ಮುಳುಗುವುದನ್ನು ಕಾಯುವುದೇ ಒಂದು ಕೆಲಸವಾಯಿತು. ನಾನು ನಡುಮನೆಯ, ಅಡುಗೆಮನೆಯ ಎರಡೂ ದೀಪಗಳ ಸ್ವಿಚ್ಚು ಒತ್ತಿದೆ. ಬಿಳೀ ಬೆಳಕು ಸುಣ್ಣದ ಗೋಡೆಗೆ ಬಿದ್ದಾಗ ಅವಳು ಕಾಲು ತೊಳೆದುಕೊಂಡು ಒಳಗೆ ಬಂದಳು. ಹೊಸ ದೀಪ ಕಂಡ ಎಲ್ಲರೂ ಮೊದಲು ದೀಪ ನೋಡುತ್ತಾರೆ. ಇವಳು ನೋಡಲಿಲ್ಲ. ರಾಗಿ ತುಂಬಿಡುವ ವಾಡೆಯ ಹಿಂದೆ, ಬೀಸುವ ಕಲ್ಲಿನ ಸಂದಿ, ಗೋಡೆಯ ಬುಡ, ಒಂದೊಂದನ್ನೇ ಬಗ್ಗಿ ನೋಡಿದಳು. ಆಮೇಲೆ ಒಲೆಯ ಮುಂದೆ ಕೂತು ಎಸರಿಟ್ಟಳು. ಆ ಮನೆಯಿಂದ ನನಗೆ ಬೇಗ ಹೊರಟುಬಿಡಬೇಕೆನಿಸಿತ್ತು, ಆದರೆ ಊಟ ಮಾಡದೆ ಬಿಡಲಿಲ್ಲ.

ಬ್ಯಾಟರಿಯ ಬಗ್ಗೆ ಹೇಳಿಕೊಡುವುದೂ ನನ್ನ ಕೆಲಸವಾಗಿತ್ತು. ಬ್ಯಾಟರಿಯೊಳಗಿರುವುದು ಆಸಿಡ್ಡು ಎಂದರೆ ಜನ ಹೆದರಿ ಮನೆಯೊಳಗೇ ಬಿಟ್ಟುಕೊಳ್ಳುವುದಿಲ್ಲವೆಂದು ಅಂಗಡಿಯವರು ಆ ಮಾತು ಎತ್ತಲು ಬಿಡುತ್ತಿರಲಿಲ್ಲ. "ಎಮ್ಮೆಗೆ ಕುಡಿಯೋಕೆ ಇಟ್ಟಂಗೆ ಇದ್ಕೂ ನೀರು ಬೇಕು. ತಿಂಗ್ಳಿಗೊಂದ್ಸಲ ಮುಚ್ಳ ತೆಗ್ದು ನೋಡಿ. ಕಮ್ಮಿ ಆಗಿದ್ರೆ ಈ ಕ್ಯಾನಿನ ನೀರು ಮಾತ್ರ ಹಾಕಿ, ಬೆರಳು ಅದ್ದಬೇಡಿ" ಎಂದು ಬಟ್ಟಿ ಇಳಿಸಿದ ನೀರಿನ ಕ್ಯಾನೊಂದನ್ನು ಕೊಟ್ಟು ಎಲ್ಲ ಮನೆಗಳಲ್ಲೂ ಹೇಳುತ್ತಿದ್ದೆ. ಜನರಿಗೆ ಅದು ಚೆನ್ನಾಗಿ ಅರ್ಥವಾಗುತ್ತಿತ್ತು. ಬಿಸಿಲು ಪ್ಲೇಟಿಗೆ ಬಿದ್ದು, ವೈರಿನಲ್ಲಿ ಇಳಿದು, ಆ ನೀರಿನಲ್ಲಿ ಕೂಡಿಕೊಂಡು, ಸಂಜೆ ದೀಪವಾಗುತ್ತದೆ. ನಾನೂ ಹಾಗೇ ಹೇಳುತ್ತಿದ್ದೆ, ಅವರೂ ಹಾಗೇ ತಿಳಿದುಕೊಳ್ಳುತ್ತಿದ್ದರು.

ಆಮೇಲೆ ನಾನು ಆ ದಾರಿಯಲ್ಲಿ ಹೋದಾಗೆಲ್ಲ ಅಲ್ಲಿಗೆ ಹೋಗಿ ಬರುತ್ತಿದ್ದೆ. ಮುದುಕಮ್ಮ ಬೆಳಗ್ಗೆ ಸ್ನಾನ ಮಾಡಿ, ಏಣಿ ಹತ್ತಿಸಿದ ಮಗನ ಕೈಗೆ ಒದ್ದೆ ಬಟ್ಟೆ ಕೊಟ್ಟು ಪ್ಲೇಟನ್ನು ಒರೆಸಿಸುತ್ತಿದ್ದರು. ಅದರ ಗಾಜಿಗೆ ಕುಂಕುಮ ಇಡಿಸಿದ್ದನ್ನು ಕಂಡು ನಾನು ರೇಗಿದ್ದೆ. "ಅವ್ವಾ, ಇಡೋದಾದ್ರೆ ಚೌಕಟ್ಟಿಗಿಡಿ. ಗಾಜಿಗಿಟ್ರೆ ಬಿಸ್ಲು ಕುಡಿಯಾಕಿಲ್ಲ ಅದು." ಅಂದಿನಿಂದ ಕುಂಕುಮ ಚೌಕಟ್ಟಿಗೆ ಸರಿಯಿತು. ಮುಂದಿನ ಮಳೆಗಾಲದ ಹೊತ್ತಿಗೆ ಸೊಸೆ ಮತ್ತೆ ಬಸುರಿ ಎಂದು ತಿಳಿಯಿತು. ಯಾರೂ ನನಗೆ ಹೇಳಲಿಲ್ಲ, ಅವಳ ನಡಿಗೆಯೇ ಹೇಳಿತು. ಹೇಳಲು ಅವರಿಗೆಲ್ಲ ಭಯ.

ತೊಂಬತ್ತೈದರ ದೀಪಾವಳಿ ಅಮಾವಾಸ್ಯೆಯ ಬೆಳಗ್ಗೆ ಸೂರ್ಯಗ್ರಹಣ ಹಿಡಿಯಿತು. ಉತ್ತರದ ಕಡೆ ಪೂರ್ತಿ ಹಿಡಿದದ್ದನ್ನು ಟೀವಿಯಲ್ಲಿ ತೋರಿಸಿದರು, ನಮ್ಮ ಕಡೆ ಸೂರ್ಯ ಒಂದಿಷ್ಟು ಉಳಿದುಕೊಂಡಿದ್ದ. ನಾನು ನಾಗಮಂಗಲದ ಮನೆಯಲ್ಲಿದ್ದೆ. ಬೀದಿಯಲ್ಲಿ ನರಪಿಳ್ಳೆ ಇರಲಿಲ್ಲ. ಅಪ್ಪ ಅಗ್ಗಿಷ್ಟಿಕೆ ಹಚ್ಚಲಿಲ್ಲ. ಅಮ್ಮ ನೀರು ತುಂಬಿದ ಹಿತ್ತಾಳೆ ತಟ್ಟೆಯಲ್ಲಿ ಒನಕೆ ನಿಲ್ಲಿಸಿದ್ದಳು. ಗ್ರಹಣ ಬಿಡುವವರೆಗೆ ಅದು ಯಾರೂ ಹಿಡಿಯದೆ ನೆಟ್ಟಗೆ ನಿಂತಿರುತ್ತದೆ ಎಂಬ ನಂಬಿಕೆ, ನಿಂತೂ ಇತ್ತು. ನನಗೆ ಒಂದು ಕುತೂಹಲ. ಪ್ಲೇಟೊಂದನ್ನು ತಾರಸಿಗೆ ಒಯ್ದು ಮೀಟರು ಜೋಡಿಸಿ ಕೂತೆ. "ಒಳಿಕ್ ಬಾರ್ಲಾ, ಕಣ್ಣು ಓಯ್ತದೆ" ಎಂದು ಅಮ್ಮ ಕೆಳಗಿನಿಂದ ಕೂಗುತ್ತಲೇ ಇದ್ದಳು. ನಾನು ಸೂರ್ಯನನ್ನು ನೋಡಲಿಲ್ಲ, ಮುಳ್ಳನ್ನು ನೋಡಿದೆ. ಆಕಾಶದಲ್ಲಿ ಒಂದು ಮೋಡವೂ ಇಲ್ಲ, ಆದರೂ ಮುಳ್ಳು ನಿಧಾನವಾಗಿ ಕೆಳಗೆ ಸರಿಯಿತು. ತೆಂಗಿನ ಗರಿಯ ಸಂದಿಯಿಂದ ನೆಲಕ್ಕೆ ಬಿದ್ದ ಬೆಳಕಿನ ಚುಕ್ಕೆಗಳೆಲ್ಲ ಕುಡುಗೋಲಿನ ಹಾಗೆ ಬಾಗಿದ್ದವು. ಮುಳ್ಳು ಅಷ್ಟೇ ನಿಧಾನವಾಗಿ ಮೇಲೆ ಬಂತು. ಗ್ರಹಣ ಬಿಟ್ಟ ಮೇಲೆ ಅಮ್ಮನ ಮಾತಿನಂತೆ ಹಂಡೆ, ಕೊಳಗ, ಬಿಂದಿಗೆಗಳ ನೀರನ್ನೆಲ್ಲ ನಾನೇ ಎತ್ತಿ ಚರಂಡಿಗೆ ಸುರಿದೆ. ಮನೆಯಲ್ಲಿ ಗ್ರಹಣದ ನೀರು ಇಟ್ಟುಕೊಳ್ಳುವ ಹಾಗಿರಲಿಲ್ಲ.

ಹಬ್ಬ ಕಳೆದು ಕೆಲವು ದಿನಕ್ಕೆ ಆ ಹೊಲದ ಮನೆಯ ಮಗ ಅಂಗಡಿಗೆ ಓಡಿ ಬಂದ. ದೀಪ ಮಂಕಾಗುತ್ತ ಮಂಕಾಗುತ್ತ ಪೂರ್ತಿ ನಿಂತುಹೋಗಿದೆ. ಏಳು ತಿಂಗಳ ಶಾಸ್ತ್ರ ಮುಗಿದಿತ್ತು. ಹೆಂಡತಿಯನ್ನು ಹೆರಿಗೆಗೆ ಕರೆದುಕೊಂಡು ಹೋಗಲು ಅವನ ಮಾವ ಆ ವಾರದಲ್ಲೇ ಬರುವವರಿದ್ದರು. "ಅವ್ರು ಬರೋದ್ರೊಳ್ಗೆ ದೀಪ ಅತ್ಬೇಕು ಆಚಾರ್ರೇ. ಕತ್ಲು ಮನೆ ನೋಡ್ಕಂಡು ಓದ್ರೆ, ಮಗೀನ್ ಎತ್ಕಂಡು ಇತ್ತಗೆ ಬರಾಕಿಲ್ಲ ಅವ್ಳು. ನಂಗೊತ್ತು" ಎಂದ. ನಾನು ಅವನ ಜೊತೆಯಲ್ಲೇ ಹೊರಟೆ.

ಹೋಗಿ ನೋಡಿದರೆ ಪ್ಲೇಟು ಸರಿ ಇದೆ, ವೈರು ಸರಿ ಇದೆ. ಬ್ಯಾಟರಿಯ ತಂತಿಗಳನ್ನು ಮಾತ್ರ ಯಾರೋ ಬಿಚ್ಚಿ ಮತ್ತೆ ಸಡಿಲವಾಗಿ ಸಿಕ್ಕಿಸಿದ್ದರು. ಮುಚ್ಚಳ ತೆಗೆದು, ಆಸಿಡ್ಡಿನ ಗಟ್ಟಿತನ ಅಳೆಯುವ ಗಾಜಿನ ಕೊಳವೆ ಅದ್ದಿದೆ. ಒಳಗಿನ ತೇಲು ಮೇಲೆ ಬರಲೇ ಇಲ್ಲ, ತಳಕ್ಕೆ ಕೂತುಬಿಟ್ಟಿತು. ಒಳಗಿದ್ದದ್ದು ಬರೀ ನೀರು. ಬಾವಿಯ ನೀರು.

ನನ್ನ ಸಿಟ್ಟು ನೆತ್ತಿಗೇರಿತು. "ಯಾರ್ರೀ ಇದಕ್ಕೆ ಕೈ ಹಾಕಿದ್ದು? ಕ್ಯಾನಿನ ನೀರು ಮಾತ್ರ ಅಂತ ಬಡ್ಕೊಂಡಿದ್ನಲ್ಲ! ಬ್ಯಾಟ್ರಿ ಅಂದ್ರೆ ಏನು ಅಡುಗೆ ಮನೆ ಬಿಂದಿಗೆ ಅನ್ಕೊಂಡ್ರಾ?" ಎಂದು ಕೂಗಿದೆ. ಮಗ ಕಣ್ಣುಕಣ್ಣು ಬಿಟ್ಟ, ಅವನಿಗೆ ಏನೂ ಗೊತ್ತಿರಲಿಲ್ಲ. ಮುದುಕಮ್ಮ ಕಂಬಕ್ಕೆ ಒರಗಿ ನಿಂತಿದ್ದರು. ಬಲಗೈಯನ್ನು ಸೆರಗಿನೊಳಗೆ ಅಡಗಿಸಿಕೊಂಡಿದ್ದರು. ಅವರ ಹತ್ತಿ ಸೀರೆಯ ಅಂಚು ಜರಡಿಯ ಹಾಗೆ ತೂತುತೂತಾಗಿತ್ತು. ಆಸಿಡ್ಡು ಸಿಡಿದ ಬಟ್ಟೆ ಅಂದೇ ಏನೂ ಕಾಣಿಸುವುದಿಲ್ಲ, ಒಗೆದಾಗ ಹಾಗಾಗುತ್ತದೆ. ನಾನು ಹಿತ್ತಿಲಿಗೆ ಹೋಗಿ ನೋಡಿದೆ. ಬಟ್ಟೆ ಒಗೆಯುವ ಕಲ್ಲಿನ ಪಕ್ಕ ಒಂದು ಮಾರಿನಷ್ಟು ಹುಲ್ಲು ಸುಟ್ಟು ಹಳದಿಯಾಗಿತ್ತು, ಚೆಂಡುಹೂವಿನ ಗಿಡ ಬುಡದಿಂದ ಒಣಗಿ ನಿಂತಿತ್ತು.

ವಾಪಸು ಬಂದು, "ಕೈ ತೋರ್ಸಿ ಅವ್ವಾ" ಎಂದೆ. ಅವರು ತೋರಿಸಿದರು. ಅಂಗೈ ಸುಲಿದು ಹೋಗಿತ್ತು, ಮೇಲೆ ಅರಿಶಿನ, ಕೊಬ್ಬರಿ ಎಣ್ಣೆ ಮೆತ್ತಿಕೊಂಡಿದ್ದರು. ಅಷ್ಟು ದಿನ ಆ ಕೈಯಲ್ಲೇ ಮುದ್ದೆ ಕಟ್ಟಿದ್ದರು, ಯಾರಿಗೂ ಹೇಳಿರಲಿಲ್ಲ.

"ಗ್ರಾಣ ಬುಟ್ಮೇಲೆ ಮನೇಲಿದ್ದ ನೀರ್ನೆಲ್ಲಾ ಚೆಲ್ದೆ ಕಣಪ್ಪಾ" ಎಂದರು ಮುದುಕಮ್ಮ, ನನ್ನ ಕಡೆ ನೋಡದೆ. "ಬಿಂದ್ಗೇದು, ಅಂಡೇದು, ಬಾನೀದು, ಎಲ್ಲಾ. ಅಮ್ಯಾಕೆ ಇದು ಗ್ಯಾನಕ್ಕೆ ಬಂತು. ಮಿಕ್ಕಿದ್ ನೀರಿಗೆ ಗ್ರಾಣದ್ ಗಾಳಿ ಮಾತ್ರ ತಾಕಿತ್ತು. ಈ ನೀರಿಗೆ ಸೂರ್ಯನೇ ಇಳೀತಾನೆ ಅಂತ ನೀನೇ ಯೋಳಿದ್ದಲ್ಲಪ್ಪಾ? ಸೂರ್ಯನ್ನೇ ರಾಹು ಇಡ್ದಿದ್ದಾಗ ಇಳ್ದಿರೋದು ಎಂಥದ್ದು? ಅದೇ ದೀಪ ಆಗಿ ಬಸ್ರಿ ಎಣ್ಣಿನ್ ಮೈಮ್ಯಾಲೆ ಬೀಳ್ತದಲ್ಲ. ಅದ್ಕೇ ಚೆಲ್ಬುಟ್ಟು ಒಳ್ಳೇ ನೀರು ತುಂಬ್ದೆ."

ಆ ಬೆಳಗ್ಗೆ ಮೀಟರಿನ ಮುಳ್ಳು ಕೆಳಗೆ ಸರಿದದ್ದನ್ನು ನಾನೇ ಕಣ್ಣಾರೆ ಕಂಡಿದ್ದೆ. ಗ್ರಹಣ ಈ ಪ್ಲೇಟಿಗೂ ತಟ್ಟಿತ್ತು, ವೈರಿನಲ್ಲಿ ಇಳಿದಿತ್ತು, ಬ್ಯಾಟರಿಯನ್ನೂ ಮುಟ್ಟಿತ್ತು. ಇಲ್ಲವೆನ್ನಲು ನನ್ನ ಬಳಿ ಏನಿತ್ತು? ಅದು ಬೆಳಕು ಕಡಿಮೆಯಾದದ್ದು ಅಷ್ಟೇ, ದೋಷವಲ್ಲ ಎಂದು ಹೇಳಬಹುದಾಗಿತ್ತು. ಬೆಳಕು ಕಡಿಮೆಯಾದ ಒಂದು ಗಳಿಗೆಯಲ್ಲಿ ಮೊಮ್ಮಗನನ್ನು ಕಳೆದುಕೊಂಡವರಿಗೆ ಅದನ್ನು ಹೇಗೆ ಹೇಳುವುದು?

ಮಗನಿಗೆ ಮಾತ್ರ ತಡೆಯಲಾಗಲಿಲ್ಲ. "ಎಂಥಾ ಕೆಲ್ಸ ಮಾಡ್ಬುಟ್ಟೆ ಅವ್ವಾ! ಆವತ್ತೂ ನೀನೇ, ಇವತ್ತೂ ನೀನೇ" ಎಂದುಬಿಟ್ಟ. ಆಡಬಾರದ ಮಾತು ಆಡಿದೆನೆಂದು ಅವನಿಗೂ ತಕ್ಷಣ ತಿಳಿಯಿತು. ಮುದುಕಮ್ಮ ಕಂಬ ಹಿಡಿದು ಹಾಗೇ ಕುಸಿದು ಕೂತರು. ಅಳಲಿಲ್ಲ. ಆ ಮಾತಿಗಾಗಿಯೇ ಕಾಯುತ್ತಿದ್ದವರ ಹಾಗೆ ತಲೆ ತಗ್ಗಿಸಿದರು.

ಆಗ ಅಡುಗೆಮನೆಯ ಬಾಗಿಲಿಗೆ ಸೊಸೆ ಬಂದಳು. ಹೊಟ್ಟೆ ಮುಂದೆ ಬಂದಿತ್ತು, ಮುಖ ಬಿಳಿಚಿಕೊಂಡಿತ್ತು. "ಅತ್ತಮ್ಮನ್ನ ಬಯ್ಬೇಡಿ. ಚೆಲ್ಲೋಕೆ ಯೋಳಿದ್ದು ನಾನು" ಎಂದಳು ಗಂಡನಿಗೆ. ಅವಳ ಸೀರೆಯ ಮುಂದಿನ ನೆರಿಗೆಗಳಲ್ಲೂ ಅವೇ ತೂತುಗಳಿದ್ದವು. ನಾನು ಅದನ್ನು ನೋಡಿದ್ದನ್ನು ಅವಳು ನೋಡಿದಳು. "ಊನಣ್ಣ. ಅತ್ತಮ್ಮನ್ ಕೈಲಿ ಒಬ್ರಿಗೇ ಬಗ್ಸಾಕಾಗ್ಲಿಲ್ಲ. ಒಂದ್ಕಡೆ ನಾನಿಡ್ಕಂಡಿದ್ದೆ. ಬಾವಿ ನೀರು ಸೇದಿದ್ದೂ ನಾನೇ."

ಏಳು ತಿಂಗಳ ಬಸುರಿ ಆ ಭಾರ ಎತ್ತಿದ್ದಾಳೆ, ಮೇಲೆ ಆಸಿಡ್ಡು. ಬೈಯಬೇಕೆಂದೇ, "ಯಾಕವ್ವಾ ಇಂಗೆ ಮಾಡ್ದೆ? ಈ ಬೆಳಕು ಬೇಕು ಅಂತ ಹಟ ಹಿಡ್ದೋಳು ನೀನೇ ಅಲ್ವಾ?" ಎಂದು ಶುರುಮಾಡಿದೆ. ಬೈಗುಳವಾಗಿ ಹೊರಡಲಿಲ್ಲ ಅದು.

"ಓದ್ಸಲ ಬೆಳಕಿಲ್ದೆ ಓಯ್ತು ಮಗ" ಎಂದಳು ಅವಳು. "ಈ ಸಲ ಬೆಳಕಿಂದ್ಲೇ ಏನಾರಾ ಆಗ್ಬುಟ್ರೆ? ನಾನೇ ಹಟ ಮಾಡಿ ತರ್ಸಿದ್ ಬೆಳಕು. ಆಮ್ಯಾಲೆ ನಾ ಯಾರನ್ ಕೇಳ್ಲಿ ಅಣ್ಣಾ?"

ಹೊರಗೆ ಎಮ್ಮೆ ಒಂದು ಕೂಗಿತು. ಮಗ ಎದ್ದು ಹೋಗಿ ಅದಕ್ಕೆ ಹುಲ್ಲು ಹಾಕಿ ಬಂದ.

ಬ್ಯಾಟರಿಯನ್ನು ಸೈಕಲ್ಲಿಗೆ ಕಟ್ಟಿ ರಸ್ತೆಗೆ ತಂದು, ಬಸ್ಸಿನ ಮೇಲೆ ಹಾಕಿ ಕೆ.ಆರ್. ಪೇಟೆಗೆ ಒಯ್ದೆವು. ಟ್ರಾಕ್ಟರಿನ ಬ್ಯಾಟರಿ ರಿಪೇರಿ ಮಾಡುವ ಸಾಬರ ಅಂಗಡಿಯೊಂದಿತ್ತು. ಅವರು ಬಾವಿ ನೀರನ್ನು ಬಗ್ಗಿಸಿ, ಒಳ್ಳೆ ನೀರಿನಲ್ಲಿ ತೊಳೆದು, ಹೊಸ ಆಸಿಡ್ಡು ತುಂಬಿ ಚಾರ್ಜಿಗೆ ಹಾಕಿದರು. ಏನಾಯಿತೆಂದು ಕೇಳಿದಾಗ ನಾನು ಗ್ರಹಣದ ಕಥೆ ಹೇಳಿದೆ. ನಗುತ್ತಾರೆ ಅಂದುಕೊಂಡಿದ್ದೆ, ಅವರು ನಗಲಿಲ್ಲ. ಕೊನೆಗೆ ಬ್ಯಾಟರಿ ಕೊಡುವಾಗ, "ಜಾನ್ ಅರ್ಧ ಬಂದೈತೆ ನೋಡಿ ಭಾಯ್. ಒಂದ್ ದೀಪ ಹತ್ತತ್ತೆ, ಎರಡು ಕೇಳಬೇಡಿ" ಎಂದರು.

ನಾವು ಬ್ಯಾಟರಿ ಹೊತ್ತುಕೊಂಡು ಹೊಲದ ಮನೆಗೆ ಬಂದ ಮಧ್ಯಾಹ್ನವೇ ಮಾವನೂ ಬಂದು ಜಗಲಿಯ ಮೇಲೆ ಕೂತಿದ್ದರು. ಎಲೆಅಡಿಕೆ ತಟ್ಟೆ ಮುಟ್ಟಿರಲಿಲ್ಲ. ಒಳಗೆ ದೀಪವಿಲ್ಲದ್ದು ಅವರಿಗೆ ತಿಳಿದಿತ್ತು. ಸೊಸೆಯ ಬಟ್ಟೆಯ ಗಂಟು ಬಾಗಿಲ ಬಳಿ ಸಿದ್ಧವಾಗಿತ್ತು. ನಾನು ತಂತಿ ಬಿಗಿದು ಸ್ವಿಚ್ಚು ಒತ್ತಿದೆ. ನಡುಮನೆಯ ದೀಪ ಹತ್ತಿತು, ಹಗಲಿನಲ್ಲೂ ಗೋಡೆಯ ಮೇಲೆ ಬಿಳುಪು ಕಂಡಿತು. ಅಡುಗೆಮನೆಯದನ್ನು ನಾನೇ ಬಿಚ್ಚಿಟ್ಟೆ.

ಮುದುಕಮ್ಮ ಹತ್ತಿರ ಬಂದು ಮೆಲ್ಲಗೆ ಕೇಳಿದರು. "ಈಗ ಹಾಕ್ಸಿರೋದು ಗ್ರಾಣ ಬುಟ್ಮೇಲಿನ್ ನೀರೇ ಏನಪ್ಪಾ?"

"ಊನವ್ವಾ. ಎಲ್ಲಾ ಹೊಸದು. ಆದ್ರೆ ಇದು ನೀರಲ್ಲ, ಆಸಿಡ್ಡು. ನೀವಿಬ್ರೂ ಇನ್ಮೇಲೆ ಇದನ್ನ ಮುಟ್ಟಬೇಡಿ" ಎಂದೆ. ಅಂದಿನಿಂದ ಅಂಗಡಿಯವರು ಏನೇ ಹೇಳಲಿ, ನಾನು ಯಾವ ಮನೆಯಲ್ಲೂ ಅದನ್ನು ನೀರು ಎನ್ನಲಿಲ್ಲ.

ಮಾವ ಎದ್ದು ನಿಂತು, "ಬಸ್ಸಿಗೆ ಒತ್ತಾಯ್ತು, ನಡಿಯವ್ವಾ" ಎಂದರು. ಅತ್ತೆ ಮಡಿಲು ತುಂಬಿದರು. ಸುಟ್ಟ ಕೈಗೆ ಬಟ್ಟೆ ಸುತ್ತಿದ್ದರಿಂದ ಅಕ್ಕಿ ಸ್ವಲ್ಪ ನೆಲಕ್ಕೆ ಚೆಲ್ಲಿತು. ಮಗನಾಗಲಿ ಅತ್ತೆಯಾಗಲಿ ಮತ್ತೆ ಬರುತ್ತೀಯಾ ಎಂದು ಕೇಳಲಿಲ್ಲ. ಕೇಳುವ ಧೈರ್ಯ ಇಬ್ಬರಿಗೂ ಇರಲಿಲ್ಲ, ನೋಡುತ್ತ ನಿಂತ ನನಗೂ ಇರಲಿಲ್ಲ. ಅವಳು ಅಂಗಳಕ್ಕೆ ಇಳಿದವಳು ತಿರುಗಿ ನಿಂತು, ನನ್ನನ್ನು ಕೇಳಿದಳು. "ಅಣ್ಣಾ, ತಿಂಗ್ಳುಗಟ್ಲೆ ಅಚ್ಚದೇ ಇದ್ರೆ ಬ್ಯಾಟ್ರಿ ಕೆಡ್ತದಾ?"

"ಸುಮ್ನೆ ಬಿಟ್ರೆ ಕೆಡ್ತದವ್ವಾ. ದಿನಾ ಒಂದಿಷ್ಟು ಹೊತ್ತು ಉರೀಬೇಕು" ಎಂದೆ.

"ಕೇಳುಸ್ಕಂಡ್ರಾ ಅತ್ತಮ್ಮಾ? ದಿನಾ ಅಚ್ಚಿ."

"ನಂಗ್ಯಾತಕ್ಕವ್ವಾ ದೀಪ" ಎಂದರು ಮುದುಕಮ್ಮ. "ನಾ ಕತ್ಲಲ್ಲೇ ಇರ್ತೀನಿ. ನಂಗದೇ ಸರಿ."

ಸೊಸೆ ಗಂಟನ್ನು ಅಪ್ಪನ ಕೈಗೆ ಕೊಟ್ಟು, ಹಿಂದಕ್ಕೆ ಬಂದು, ಅತ್ತೆಯ ಮುಂದೆ ನಿಂತಳು. "ಯಾಕೆ? ಉಳ ನಿಮ್ಮನ್ನ ಮುಟ್ಟಾಕಿಲ್ವಾ?" ಎಂದಳು. "ನಾ ಮಗೀನ್ ಎತ್ಕಂಡ್ ಬಂದಾಗ ಯಾರ್ ಕೈಗೆ ಕೊಡ್ಲಿ ಅದುನ್ನ?"

ಮಗು ಹೋದ ಸಂಜೆಯಿಂದ ಆ ಮನೆಯಲ್ಲಿ ಅತ್ತೆ ಸೊಸೆಯ ನಡುವೆ ಆ ಹುಳದ ಮಾತು ಬಂದಿರಲಿಲ್ಲ. ಮುದುಕಮ್ಮ ಬಟ್ಟೆ ಸುತ್ತಿದ ಕೈಯನ್ನು ಬಾಯಿಗೆ ಒತ್ತಿಕೊಂಡು, ಅಂಗಳದ ನಡುವೆಯೇ ಕೂತು ಅತ್ತರು. ಅಷ್ಟು ದಿನದ ಅಳುವನ್ನು ಒಟ್ಟಿಗೇ ಅತ್ತರು. ಅವರಿಗೆ ಸಮಾಧಾನವಾಗುವವರೆಗೆ ಸೊಸೆ ಪಕ್ಕದಲ್ಲೇ ನಿಂತಿದ್ದಳು, ಆ ಬಸ್ಸು ತಪ್ಪಿಹೋಯಿತು.

ತಿಂಗಳು ತುಂಬಿ ಹೆಣ್ಣುಮಗು ಹುಟ್ಟಿತು. ತವರಿನಲ್ಲಿ ಬಾಣಂತನ ಮುಗಿಸಿ ಅವಳು ಮಗುವಿನ ಜೊತೆ ಬರುವವರೆಗೂ ಅವ್ವ ಒಂದು ಸಂಜೆಯೂ ದೀಪ ಹಚ್ಚುವುದನ್ನು ತಪ್ಪಿಸಲಿಲ್ಲವೆಂದು ಮಗ ಹೇಳಿದ. ಹಚ್ಚಿ, ಅದರ ಕೆಳಗೆ ಚಾಪೆ ಹಾಸಿಕೊಂಡು ಒಬ್ಬರೇ ಕೂತಿರುತ್ತಿದ್ದರಂತೆ.